ಬಿಸಿಲೂರಿನ ಮಾಳಿಗೆಗೆ ಎಂಥ ಸ್ಮೋಕರ್?

ಕಲಬುರಗಿಯವರಿಗೆ ಹೊಗೆಯ ರುಚಿಯನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಸಂಜೆಯಾದರೆ ಸೀಕ್ ಕಬಾಬಿನ ಭಟ್ಟಿಗಳು ಹೊತ್ತಿಕೊಳ್ಳುತ್ತವೆ. ಸುಗ್ಗಿ ಬಂದರೆ ಹೊಲದ ಬದುವಿನಲ್ಲಿ ಸೀತನಿ ಸುಡುತ್ತಾರೆ, ಹಸಿಕಡಲೆ ಸುಡುತ್ತಾರೆ. ಮನೆಯಲ್ಲಿ ಖೈಮಾ ಮಾಡಿದ ದಿನ ಪಾತ್ರೆಯ ನಡುವೆ ಬಟ್ಟಲಿಟ್ಟು, ಅದರಲ್ಲೊಂದು ಕೆಂಡ ಹಾಕಿ, ಹನಿ ತುಪ್ಪ ಬಿಟ್ಟು, ಹೊಗೆ ಏಳುತ್ತಿದ್ದಂತೆ ಮುಚ್ಚಳ ಮುಚ್ಚುವ ಧುಂಗಾರ್ ಇದ್ದೇ ಇದೆ. ಇವೆಲ್ಲ ನಿಮಿಷಗಳ ಲೆಕ್ಕದ ಅಡುಗೆ. ಎಲೆಕ್ಟ್ರಿಕ್ ಸ್ಮೋಕರ್ ಮಾಡುವುದು ತಾಸುಗಳ ಲೆಕ್ಕದ ಅಡುಗೆ. 105ರಿಂದ 120 ಡಿಗ್ರಿ ಸೆಲ್ಸಿಯಸ್ಸಿನ ಮಂದ ಶಾಖದಲ್ಲಿ ಮಾಂಸವನ್ನು ಐದಾರು ತಾಸು ಇಟ್ಟು, ಎಲುಬಿಗಂಟಿದ ಗಟ್ಟಿ ನಾರೆಲ್ಲ ಕರಗಿ ಮೆತ್ತಗಾಗುವವರೆಗೆ ಬೇಯಿಸುವುದು, ಅದರ ಜೊತೆಗೇ ಕಟ್ಟಿಗೆಯ ಹೊಗೆ ಹಿಡಿಸುವುದು. ಇದು ಭಟ್ಟಿಯ ಮೇಲೆ ಆಗುವ ಮಾತಲ್ಲ, ಕುಕ್ಕರಿನಲ್ಲಿ ಅಂತೂ ಆಗುವುದಿಲ್ಲ.

ಅಮೆರಿಕದಲ್ಲಿರುವ ಮಗ ಸೊಸೆ ಮಾಡಿದ್ದನ್ನು ತಿಂದು ಬಂದವರು, ಯೂಟ್ಯೂಬಿನಲ್ಲಿ ನೋಡಿ ಮನಸ್ಸು ಮಾಡಿದವರು ಈಗ ಈ ಪೆಟ್ಟಿಗೆಯ ಬಗ್ಗೆ ವಿಚಾರಿಸುತ್ತಿದ್ದಾರೆ. ಕೊಳ್ಳುವ ಮಾರ್ಗದರ್ಶನವೆಲ್ಲ ಅಲ್ಲಿಯ ಹವೆಗೆ, ಅಲ್ಲಿಯ ಕರೆಂಟಿಗೆ ಬರೆದದ್ದು. ಏಪ್ರಿಲ್–ಮೇನಲ್ಲಿ 42 ಡಿಗ್ರಿ ದಾಟುವ, ಸಂಜೆಗೆ ವೋಲ್ಟೇಜ್ ಕುಸಿಯುವ, ಮಟನ್ ಅಂಗಡಿಯಲ್ಲಿ ಕುರಿ–ಆಡಿನ ಖಂಡವೇ ಸಿಗುವ ಊರಿಗೆ ಆ ಸಲಹೆ ಅರ್ಧ ಮಾತ್ರ ಹೊಂದುತ್ತದೆ. ಉಳಿದರ್ಧವನ್ನು ಇಲ್ಲಿಂದಲೇ ನೋಡಬೇಕು.

ಮೊದಲು ಈ ಯಂತ್ರ ಯಾವುದು, ಯಾವುದಲ್ಲ ಎಂಬುದು ಸ್ಪಷ್ಟವಾಗಲಿ. ಸ್ಮೋಕರ್ ಎಂದರೆ ಸಣ್ಣ ಅಲ್ಮಾರಿಯಂಥ, ಎರಡು ಪದರದ ತಗಡಿನ ನಡುವೆ ಶಾಖ ತಡೆಯುವ ಉಣ್ಣೆ ತುಂಬಿದ ಪೆಟ್ಟಿಗೆ. ತಳದಲ್ಲಿ ಹೀಟರ್ ಕಾಯಿಲ್, ಅದರ ಮೇಲೆ ಕಟ್ಟಿಗೆ ಚಕ್ಕೆ ಹಾಕುವ ತಟ್ಟೆ, ಅದರ ಮೇಲೆ ನೀರಿನ ತಟ್ಟೆ, ಆಮೇಲೆ ಮೂರೋ ನಾಲ್ಕೋ ಜಾಲರಿ. ಮೇಲ್ಗಡೆ ಹೊಗೆ ಹೋಗುವ ಕಿಂಡಿ. ಹೊರಗೆ ತಾಪ ನಿಗದಿ ಮಾಡುವ ಗುಂಡಿ ಇಲ್ಲವೇ ಡಿಜಿಟಲ್ ಫಲಕ. ಇಷ್ಟೇ. ‘ಎಲೆಕ್ಟ್ರಿಕ್ ಬಾರ್ಬೆಕ್ಯೂ’ ಎಂದು ಮಾರುವ, ಮೇಲೆ ಜಾಲರಿ ಕೆಳಗೆ ಕಾಯಿಲ್ ಇರುವ ತೆರೆದ ತಟ್ಟೆ ಸ್ಮೋಕರ್ ಅಲ್ಲ. ಎಲೆಕ್ಟ್ರಿಕ್ ತಂದೂರ್ ಅಲ್ಲ, ಓಟಿಜಿಯೂ ಅಲ್ಲ. ಇವುಗಳಲ್ಲಿ ಟಿಕ್ಕಾ ಚೆನ್ನಾಗಿಯೇ ಆಗುತ್ತದೆ. ನಿಮ್ಮ ಮನೆಯಲ್ಲಿ ಬೇಕಾದದ್ದು ವಾರಕ್ಕೊಮ್ಮೆ ಟಿಕ್ಕಾ, ಕಬಾಬ್ ಮಾತ್ರ ಎಂದರೆ ಸ್ಮೋಕರಿಗೆ ದುಡ್ಡು ಹಾಕಬೇಡಿ. ತಂದೂರ್ ಒಂದು, ಧುಂಗಾರಿಗೆ ಒಂದು ಕೆಂಡ, ಅಷ್ಟು ಸಾಕು.

ಗೋಡೆಯ ಪಾಯಿಂಟಿನಿಂದ ಶುರು ಮಾಡಿ

ಅಂಗಡಿಗೆ ಹೋಗುವ ಮೊದಲು ಮಾಳಿಗೆಗೆ ಹೋಗಿ ಅಲ್ಲಿರುವ ಪ್ಲಗ್ ಪಾಯಿಂಟ್ ನೋಡಿ. ಮನೆ ಬಳಕೆಯ ಸ್ಮೋಕರುಗಳು ಸಾಮಾನ್ಯವಾಗಿ 800ರಿಂದ 1500 ವ್ಯಾಟಿನವು. 230 ವೋಲ್ಟಿನಲ್ಲಿ 1500 ವ್ಯಾಟ್ ಎಂದರೆ ಆರೂವರೆ ಆಂಪಿಯರ್. ಮೊಬೈಲ್ ಚಾರ್ಜರ್ ಹಾಕುವ 6 ಆಂಪಿಯರಿನ ಸಣ್ಣ ಸಾಕೆಟ್ ಅದಕ್ಕೆ ಸಾಲದು. ಗೀಸರಿಗೆ ಹಾಕಿಸುವಂಥ 16 ಆಂಪಿಯರಿನ ಪಾಯಿಂಟ್ ಬೇಕು, ಅದಕ್ಕೆ ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ವೈರ್ ಬೇಕು. ಕೆಳಗಿನ ಹಾಲಿನಿಂದ ಕಿಟಕಿಯಲ್ಲಿ ತೂರಿಸಿ ತೆಳುವಾದ ಎಕ್ಸ್‌ಟೆನ್ಷನ್ ಎಳೆಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಐದು ತಾಸು ಎಡೆಬಿಡದೆ ಹರಿಯುವ ಕರೆಂಟಿಗೆ ಆ ವೈರ್ ಬಿಸಿಯಾಗಿ ಕರಗುತ್ತದೆ.

ಅರ್ಥಿಂಗ್ ವಿಷಯವನ್ನು ನಮ್ಮಲ್ಲಿ ಬಹಳ ಹಗುರವಾಗಿ ನೋಡುತ್ತಾರೆ. ಸ್ಮೋಕರ್ ಇಡಿಯಾಗಿ ಲೋಹದ್ದು, ಒಳಗೆ ನೀರಿನ ತಟ್ಟೆ, ಸುತ್ತ ಸೋರುವ ಕೊಬ್ಬು. ಕಾಯಿಲ್ ಸ್ವಲ್ಪ ಕೆಟ್ಟರೂ ಬಾಗಿಲ ಹಿಡಿಕೆಗೆ ಶಾಕ್ ಬರುತ್ತದೆ. ಎರೆಮಣ್ಣಿನ ಜಾಗದಲ್ಲಿ ಇನ್ನೊಂದು ತೊಡಕು. ಬೇಸಿಗೆಗೆ ಎರೆ ಬಿರಿದು, ಹೂತಿಟ್ಟ ಅರ್ಥ್ ಪೈಪಿನಿಂದ ಮಣ್ಣು ದೂರ ಸರಿದರೆ ಅರ್ಥಿಂಗ್ ಹೆಸರಿಗಷ್ಟೇ ಉಳಿಯುತ್ತದೆ. ಫೆಬ್ರುವರಿಯಿಂದ ಮಳೆ ಬೀಳುವ ತನಕ ಅರ್ಥ್ ಗುಂಡಿಗೆ ವಾರಕ್ಕೊಮ್ಮೆಯಾದರೂ ಒಂದು ಕೊಡ ನೀರು ಸುರಿಯಿರಿ. ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಇದಕ್ಕೆ ಖರ್ಚು ಮಾಡಲು ಮನಸ್ಸಿಲ್ಲದವರು ಸ್ಮೋಕರಿಗೂ ಖರ್ಚು ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ವೋಲ್ಟೇಜ್. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಬೇಸಿಗೆಯ ಸಂಜೆ ಓಣಿಯ ಕೂಲರ್, ಎಸಿಗಳೆಲ್ಲ ಒಟ್ಟಿಗೆ ತಿರುಗುವಾಗ 230 ಇದ್ದದ್ದು 190ಕ್ಕೆ ಬಿತ್ತು ಎನ್ನಿ. 800 ವ್ಯಾಟಿನ ಕಾಯಿಲ್ ಆಗ ಬರೀ 550 ವ್ಯಾಟಿನಷ್ಟು ಕೆಲಸ ಮಾಡುತ್ತದೆ. ಮೂರರಲ್ಲಿ ಒಂದು ಪಾಲು ಶಾಖ ಕಾಣೆ. ಹೀಗಾಗಿ ನಿಮ್ಮ ಓಣಿಯಲ್ಲಿ ಸಂಜೆ ಟ್ಯೂಬ್‌ಲೈಟ್ ಮಿಣುಗುವ ಪರಿಪಾಠವಿದ್ದರೆ 800ರದ್ದು ಬೇಡ, 1200 ವ್ಯಾಟಿನ ಆಸುಪಾಸಿನದು ನೋಡಿ. ಥರ್ಮೋಸ್ಟಾಟ್ ಇರುವುದರಿಂದ ವ್ಯಾಟ್ ಹೆಚ್ಚಿದ್ದ ಮಾತ್ರಕ್ಕೆ ಬಿಲ್ಲು ಅದೇ ಪ್ರಮಾಣದಲ್ಲಿ ಏರುವುದಿಲ್ಲ, ಬೇಕಾದ ತಾಪ ಮುಟ್ಟಿದ ಮೇಲೆ ಕಾಯಿಲ್ ತಾನೇ ಆರುತ್ತದೆ.

ಬಿಲ್ಲಿನ ಲೆಕ್ಕ ಹೆದರುವಂಥದ್ದಲ್ಲ. 800 ವ್ಯಾಟಿನದು ಐದು ತಾಸು ಒಂದು ಕ್ಷಣವೂ ಆರದೆ ಉರಿದರೂ 4 ಯೂನಿಟ್, ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ 24 ರೂಪಾಯಿ. ಆದರೆ 2023ರಿಂದ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ಲು ಪಡೆಯುತ್ತಿರುವ ಮನೆಯವರು ಒಂದು ಮಾತು ನೆನಪಿಡಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕಾಗುತ್ತದೆ. ಮೇ ತಿಂಗಳಲ್ಲಿ ಕೂಲರಿನಿಂದಲೇ ಅಂಚಿಗೆ ಬಂದು ನಿಂತ ಮನೆಯಲ್ಲಿ ಕೊನೆಯ ವಾರದ ದಾವತ್ ಜೆಸ್ಕಾಂ ಬಿಲ್ಲಾಗಿ ಬರಬಹುದು.

ಅಮೆರಿಕದಿಂದ ಬರುವ ಮಗ ‘ಅಲ್ಲಿ ಸೇಲ್ ಇದೆ, ತರಲೇ?’ ಎಂದು ಕೇಳಿದರೆ ಬೇಡವೆನ್ನಿ. ಅಲ್ಲಿಯದು 120 ವೋಲ್ಟಿನ ಯಂತ್ರ. ಅದನ್ನು ನೇರವಾಗಿ ನಮ್ಮ 230ಕ್ಕೆ ಸಿಕ್ಕಿಸಿದರೆ 800 ವ್ಯಾಟಿನ ಕಾಯಿಲ್ 2900 ವ್ಯಾಟಿನಷ್ಟು ಎಳೆಯಲು ಹೋಗಿ ಸುಟ್ಟುಹೋಗುತ್ತದೆ, ಜೊತೆಗೆ ಫಲಕವೂ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ನಡೆಸಬಹುದು ನಿಜ, ಆದರೆ ಕನಿಷ್ಠ 1500 ವಿಎಯದು ಬೇಕು. ಅದರ ಭಾರ, ಅದರ ಬೆಲೆ, ವಾರಂಟಿ ಇಲ್ಲದ ಯಂತ್ರ, ಬಿಡಿಭಾಗಕ್ಕೆ ಮತ್ತೆ ಅಮೆರಿಕದತ್ತ ಮುಖ ಮಾಡುವ ಪಾಡು, ಇದೆಲ್ಲ ಕೂಡಿದರೆ ಸೇಲಿನ ಲಾಭ ಉಳಿಯುವುದಿಲ್ಲ.

ಹೊಗೆಯೇ ಬಾರದ ಸ್ಮೋಕರ್

ಕೊಳ್ಳುವಾಗ ಎಲ್ಲರೂ ಡಿಜಿಟಲ್ ಫಲಕ, ಗಾಜಿನ ಬಾಗಿಲು, ಬ್ಲೂಟೂತ್ ನೋಡುತ್ತಾರೆ. ನೋಡಬೇಕಾದದ್ದು ಚಕ್ಕೆಯ ತಟ್ಟೆ. ಬಿಸಿಲೂರಿನಲ್ಲಿ ಯಂತ್ರ ಗೆಲ್ಲುವುದೂ ಸೋಲುವುದೂ ಅಲ್ಲೇ.

ಕಾರಣ ಹೀಗೆ. ಕಟ್ಟಿಗೆ ಚಕ್ಕೆ ಚೆನ್ನಾಗಿ ಹೊಗೆಯಾಡಬೇಕಾದರೆ ಸುಮಾರು 300 ಡಿಗ್ರಿಯ ಶಾಖ ತಟ್ಟಬೇಕು. ಪೆಟ್ಟಿಗೆಯ ಒಳಗಿನ ಗಾಳಿ ಇರುವುದು 110ರಲ್ಲಿ. ಹಾಗಾಗಿ ಚಕ್ಕೆ ಹೊಗೆಯಾಡುವುದು ಕಾಯಿಲ್ ಕೆಂಪಗೆ ಉರಿಯುತ್ತಿರುವಷ್ಟು ಹೊತ್ತು ಮಾತ್ರ. ಚಳಿ ದೇಶದಲ್ಲಿ ಹೊರಗೆ 5 ಡಿಗ್ರಿ ಇದ್ದಾಗ ಪೆಟ್ಟಿಗೆ ಸತತವಾಗಿ ಶಾಖ ಕಳೆದುಕೊಳ್ಳುತ್ತದೆ, ಕಾಯಿಲ್ ಮತ್ತೆ ಮತ್ತೆ ಹೊತ್ತಿಕೊಳ್ಳುತ್ತದೆ, ಹೊಗೆ ನಿಲ್ಲುವುದಿಲ್ಲ. ನಮ್ಮ ಮಾಳಿಗೆಯಲ್ಲಿ ಮಧ್ಯಾಹ್ನ ಎರಡಕ್ಕೆ ಪೆಟ್ಟಿಗೆ ಒಮ್ಮೆ 110 ಮುಟ್ಟಿತೆಂದರೆ ಕಾಯಿಲ್ ಬಹಳ ಹೊತ್ತು ಆರಿಯೇ ಇರುತ್ತದೆ. ಒಳಗೆ ಚಕ್ಕೆ ಕಪ್ಪಗಾಗಿ ಸುಮ್ಮನೆ ಕೂತಿರುತ್ತದೆ. ಆರು ತಾಸಾದ ಮೇಲೆ ತೆಗೆದರೆ ಬೆಂದ ಮಾಂಸ ಸಿಗುತ್ತದೆ, ಹೊಗೆಯ ಸುಳಿವಿರುವುದಿಲ್ಲ. ಯಂತ್ರ ಕೆಟ್ಟಿದೆ ಎಂದು ಮಂದಿ ಕಂಪನಿಗೆ ಫೋನ್ ಮಾಡುವುದು ಇಂಥ ಹೊತ್ತಿನಲ್ಲೇ.

ಆದ್ದರಿಂದ ತಟ್ಟೆ ಕಾಯಿಲಿಗೆ ತಾಗಿದಂತೆ, ಹೆಚ್ಚೆಂದರೆ ಒಂದು ಬೆರಳಿನ ಅಂತರದಲ್ಲಿ ಇರುವ ಮಾದರಿ ಆರಿಸಿ. ತಟ್ಟೆ ತೆಳುವಾದ ಉಕ್ಕಿನದಾಗಿರಲಿ, ಬೇಗ ಕಾಯುತ್ತದೆ. ಇನ್ನೂ ಉತ್ತಮವೆಂದರೆ ಹೊಗೆಗೇ ಬೇರೆ ಸಣ್ಣ ಕಾಯಿಲ್ ಇರುವ ಮಾದರಿ. ಅದರಲ್ಲಿ ಹೊರಗಿನ ಬಿಸಿಲು ಎಷ್ಟಿದ್ದರೂ ಹೊಗೆಯ ಲೆಕ್ಕ ಬೇರೆಯಾಗಿಯೇ ನಡೆಯುತ್ತದೆ. ಚಕ್ಕೆಯನ್ನು ಪಕ್ಕದ ಕೊಳವೆಯಿಂದ, ಬಾಗಿಲು ತೆರೆಯದೆ ಹಾಕುವಂತಿರಬೇಕು. ಬಾಗಿಲು ತೆರೆದಾಗಲೆಲ್ಲ ಒಳಗಿನ ಶಾಖ ಹಾರಿಹೋಗಿ ಅಡುಗೆ ಹತ್ತಿಪ್ಪತ್ತು ನಿಮಿಷ ಹಿಂದೆ ಬೀಳುತ್ತದೆ. ಈಗಾಗಲೇ ಕೊಂಡಿದ್ದೀರಿ, ಬೇಸಿಗೆಗೆ ಹೊಗೆ ಬರುತ್ತಿಲ್ಲ ಎಂದಾದರೆ ಚಕ್ಕೆಯ ನಡುವೆ ಚೆನ್ನಾಗಿ ಕೆಂಪಾದ ಒಂದು ಇದ್ದಿಲು ತುಂಡು ಇಡಿ. ಇಲ್ಲವೇ ತೂತುಗಳಿರುವ ಉಕ್ಕಿನ ಹೊಗೆ ಕೊಳವೆ ಸಿಗುತ್ತದೆ. ಅದರಲ್ಲಿ ಕಟ್ಟಿಗೆ ಪೆಲೆಟ್ ತುಂಬಿ ಒಂದು ತುದಿಗೆ ಬೆಂಕಿ ಹಚ್ಚಿ, ಉರಿ ಆರಿಸಿ ಒಳಗಿಟ್ಟರೆ ಕರೆಂಟಿನ ಹಂಗಿಲ್ಲದೆ ತಾಸುಗಟ್ಟಲೆ ಹೊಗೆ ಕೊಡುತ್ತದೆ.

ಗಾಜಿನ ಬಾಗಿಲಿಗೆ ಮರುಳಾಗಬೇಡಿ. ಎರಡನೇ ಸಲಕ್ಕೇ ಮಸಿ ಹಿಡಿದು ಏನೂ ಕಾಣಿಸುವುದಿಲ್ಲ, ಶಾಖ ಮಾತ್ರ ಅಲ್ಲಿಂದ ಸೋರುತ್ತದೆ. ಬಾಗಿಲ ಸುತ್ತಲಿನ ಗ್ಯಾಸ್ಕೆಟ್ ಬಿಗಿಯಾಗಿದೆಯೇ ಎಂದು ನೋಡಲು ಅಂಗಡಿಯಲ್ಲೇ ಒಂದು ಹಾಳೆ ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿಂದ ಹೊಗೆಯೂ ಸಲೀಸಾಗಿ ಹೋಗುತ್ತದೆ. ಆನ್‌ಲೈನಿನಲ್ಲಿ ತರಿಸುವವರು ಬಂದ ದಿನವೇ ಈ ಪರೀಕ್ಷೆ ಮಾಡಿ, ವಾಪಸಾತಿಯ ಗಡುವು ಮುಗಿಯುವ ತನಕ ಕಾಯಬೇಡಿ. ಬಿಡಿ ಕಾಯಿಲ್ ಪ್ರತ್ಯೇಕವಾಗಿ ಸಿಗುತ್ತದೆಯೇ ಎಂಬುದನ್ನು ದುಡ್ಡು ಕೊಡುವ ಮೊದಲು ಲಿಖಿತವಾಗಿ ಕೇಳಿ. ಈ ಯಂತ್ರದಲ್ಲಿ ಮೊದಲು ಕೈಕೊಡುವುದು ಅದೇ.

ಊರಲ್ಲೇ ಮಾಡಿಸಿದರೆ?

ಇದು ಕೆಟ್ಟ ಯೋಚನೆಯಲ್ಲ. ಬೇಕರಿ ಓವನ್, ಹೋಟೆಲಿನ ಸ್ಟೀಲ್ ಸಾಮಾನು ಮಾಡುವ ಫ್ಯಾಬ್ರಿಕೇಷನ್ ಶೆಡ್ಡುಗಳು ಕಲಬುರಗಿಯಲ್ಲೂ ಇವೆ. ಅವರ ಕೈಗೆ ಈ ಪೆಟ್ಟಿಗೆ ಕಷ್ಟದ್ದಲ್ಲ. ಕೆಟ್ಟರೆ ಅವರನ್ನೇ ಕರೆಯಬಹುದು ಎಂಬುದು ದೊಡ್ಡ ಅನುಕೂಲ. ಒಳಗೋಡೆ 304 ಗ್ರೇಡಿನ ಸ್ಟೀಲಿನದು, ನಡುವೆ ಎರಡು ಇಂಚು ರಾಕ್‌ವೂಲ್, ತಾಪಕ್ಕೆ ಪಿಐಡಿ ಕಂಟ್ರೋಲರ್, ಅದು ಕೈಕೊಟ್ಟರೆ ಕರೆಂಟ್ ಕಡಿಯುವ ಪ್ರತ್ಯೇಕ ಥರ್ಮಲ್ ಕಟೌಟ್. ಈ ನಾಲ್ಕನ್ನು ಒತ್ತಿ ಹೇಳಿ. ಜಿಐ ತಗಡು ಒಳಗೆ ಬೇಡ. ಕಾಯಿಲ್ ಹತ್ತಿರದ ಬಿಸಿಗೆ ಅದರ ಸತುವಿನ ಲೇಪ ಊಟದ ಜೊತೆ ಸೇರಬಾರದು. ಹಳೆಯ ಫ್ರಿಜ್ಜನ್ನು ಸ್ಮೋಕರ್ ಮಾಡುವ ವಿಡಿಯೊಗಳು ಬಹಳ ಓಡಾಡುತ್ತವೆ. ಅದರ ಒಳಗೋಡೆ ಪ್ಲಾಸ್ಟಿಕ್, ನಡುವಿನದು ಫೋಮ್. ಎರಡೂ ಈ ತಾಪಕ್ಕೆ ಹುಟ್ಟಿದವಲ್ಲ. ಆ ಗೊಡವೆಗೆ ಹೋಗಬೇಡಿ.

ಕಟ್ಟಿಗೆ ನಮ್ಮದೇ ಇದೆ

ಹಿಕರಿ, ಆಪಲ್ ಎಂದು ಬರೆದ ಆಮದು ಚಕ್ಕೆಯ ಪೊಟ್ಟಣಕ್ಕೆ ದುಬಾರಿ ಬೆಲೆ ಕೊಡುವ ಅಗತ್ಯ ನಮಗಿಲ್ಲ. ಟೆಕ್ಸಸ್ಸಿನವರು ಬಾರ್ಬೆಕ್ಯೂಗೆ ಹೆಮ್ಮೆಯಿಂದ ಉರಿಸುವ ಮೆಸ್ಕೀಟ್ ಮರಕ್ಕೂ ನಮ್ಮ ರಸ್ತೆ ಬದಿಯ ಬಳ್ಳಾರಿ ಜಾಲಿಗೂ ಹತ್ತಿರದ ನಂಟು. ಅಮೆರಿಕ ಖಂಡದ ಈ ಮರ 19ನೇ ಶತಮಾನದಲ್ಲಿ ಭಾರತಕ್ಕೆ ಬಂದು, ಬರದ ನಾಡಿನ ಪಾಳುನೆಲವನ್ನೆಲ್ಲ ಹಿಡಿದುಕೊಂಡಿತು. ಅದರ ಹೊಗೆ ಖಾರ, ಘಾಟು. ಒಂದು ಹಿಡಿ ಸಾಕು, ಎರಡಾದರೆ ಕಹಿ. ಮಾವು, ಪೇರಲ, ಹುಣಸೆ ಮೃದುವಾದ ಹೊಗೆ ಕೊಡುತ್ತವೆ. ಕೋಳಿಗೆ, ಪನೀರಿಗೆ ಪೇರಲ ಬಹಳ ಹೊಂದುತ್ತದೆ. ಒಣಗಿದ ತೊಗರಿ ಕಟ್ಟಿಗೆ ಭರ್ರನೆ ಉರಿಯುವ ಜಾತಿಯದು. ಒಲೆಗೆ ಅದು ಹೇಳಿ ಮಾಡಿಸಿದ್ದು, ನಿಧಾನವಾಗಿ ಕನಲಬೇಕಾದ ಸ್ಮೋಕರ್ ತಟ್ಟೆಗಲ್ಲ. ಬೇವು ಬೇಡ, ಕಹಿ. ಕಣಗಿಲೆ ವಿಷದ ಗಿಡ, ಅದರ ಕಡ್ಡಿಯೂ ಹತ್ತಿರ ಸುಳಿಯಬಾರದು. ಪ್ಲೈವುಡ್, ಬಣ್ಣ ಬಳಿದ ಹಳೆ ಚೌಕಟ್ಟು, ಪ್ಯಾಕಿಂಗ್ ಪೆಟ್ಟಿಗೆಯ ಪೈನ್, ಸಾಮಿಲ್ಲಿನ ಗೊತ್ತುಗುರಿಯಿಲ್ಲದ ಹೊಟ್ಟು ಇವೂ ಬೇಡ.

ಕಟ್ಟಿಗೆ ಕಡಿದು ಕನಿಷ್ಠ ಆರು ತಿಂಗಳು ಒಣಗಿರಲಿ. ನಮ್ಮ ಬಿಸಿಲು ಈ ಒಂದು ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ. ತೊಗಟೆ ಕೆತ್ತಿ, ಹೆಬ್ಬೆರಳಿನ ಉಗುರಿನಷ್ಟು ಚಕ್ಕೆ ಮಾಡಿ. ನೀರಲ್ಲಿ ನೆನೆಸಬೇಕು ಎಂದು ಹಲವರು ಹೇಳುತ್ತಾರೆ. ನೆನೆಸಿದರೆ ಮೊದಲು ಬರುವುದು ಹಬೆ, ಹೊಗೆ ಆಮೇಲೆ. ಅದರಿಂದ ಲಾಭವಿಲ್ಲ. ತಾಸಿಗೊಂದು ಹಿಡಿಯಂತೆ ಮೊದಲ ಎರಡು–ಮೂರು ತಾಸು ಹಾಕಿ ನಿಲ್ಲಿಸಿ. ಕಿಂಡಿಯಿಂದ ತೆಳುವಾದ ನೀಲಿ ಹೊಗೆ ಬರುತ್ತಿದ್ದರೆ ಸರಿ. ದಟ್ಟ ಬಿಳಿ ಹೊಗೆ ಬಂದರೆ ಮೇಲಿನ ಕಿಂಡಿ ಪೂರ್ತಿ ತೆರೆಯಿರಿ, ಹಾಗೇ ಬಿಟ್ಟರೆ ಮಾಂಸದ ಮೇಲೆ ಡಾಂಬರಿನಂಥ ಕಹಿ ಕೂರುತ್ತದೆ.

ಏನನ್ನು ಇಡುವುದು, ಎಷ್ಟು ಹೊತ್ತು

ಮಟನ್ ಅಂಗಡಿಯಲ್ಲಿ ಎಲ್ಲರೂ ರಾನ್ ಕೇಳುತ್ತಾರೆ. ಸ್ಮೋಕರಿಗೆ ದಸ್ತಿ ಕೇಳಿ. ಮುಂಗಾಲಿನ ಆ ಭಾಗದಲ್ಲಿ ನಾರೂ ಕೊಬ್ಬೂ ಹೆಚ್ಚು. ಮಂದ ಶಾಖಕ್ಕೆ ನಾರು ಕರಗಿ ಜೆಲ್ಲಿಯಾಗುವುದರಿಂದ ಮಾಂಸ ಒಣಗುವುದಿಲ್ಲ. ರಾನ್ ಬಡಕಲು, ಎಚ್ಚರ ತಪ್ಪಿದರೆ ಚಕ್ಕಳ. ದಸ್ತಿಯನ್ನು ಮೊಸರು, ಶುಂಠಿ–ಬೆಳ್ಳುಳ್ಳಿ, ಒಣಖಾರ, ಉಪ್ಪಿನಲ್ಲಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, 115 ಡಿಗ್ರಿಯಲ್ಲಿ ಮೂರು ತಾಸು ಹೊಗೆ ಹಿಡಿಸಿ, ಆಮೇಲೆ ಬಾಳೆ ಎಲೆಯಲ್ಲಿ ಸುತ್ತಿ ಮತ್ತೆ ಎರಡು–ಮೂರು ತಾಸು ಬಿಡಿ. ಎಲೆಯನ್ನು ಮೊದಲು ಉರಿಯ ಮೇಲೆ ಬಾಡಿಸಿಕೊಂಡರೆ ಸೀಳುವುದಿಲ್ಲ. ಒಳಗಿನ ತಾಪ 65–70ರ ನಡುವೆ ಬಂದು ತಾಸುಗಟ್ಟಲೆ ಅಲ್ಲೇ ನಿಲ್ಲುತ್ತದೆ. ಮಾಂಸದ ನೀರು ಆವಿಯಾಗುತ್ತ ಅದನ್ನು ತಂಪು ಮಾಡುತ್ತಿರುವುದೇ ಕಾರಣ. ಗಾಬರಿಯಾಗಿ ತಾಪ ಏರಿಸಬೇಡಿ, ಎಲೆ ಸುತ್ತುವುದು ಇದಕ್ಕೇ. 90 ದಾಟಿದ ಮೇಲೆ ಎಲುಬು ಕೈಗೆ ಬಿಟ್ಟು ಬರುತ್ತದೆ.

ನಮ್ಮ ಅಂಗಡಿಗಳಲ್ಲಿ ಕೋಳಿಯ ಚರ್ಮ ಸುಲಿದೇ ಕೊಡುತ್ತಾರೆ. ಸ್ಮೋಕರಿಗೆ ಚರ್ಮ ಸಹಿತ ಕೇಳಿ ತನ್ನಿ. ಒಂದೂವರೆ ಕಿಲೋದ ಕೋಳಿ 120 ಡಿಗ್ರಿಯಲ್ಲಿ ಮೂರೂವರೆ ತಾಸಿನ ಆಸುಪಾಸು ಹಿಡಿಯುತ್ತದೆ. ದಪ್ಪ ಭಾಗದ ಒಳತಾಪ 74 ಡಿಗ್ರಿ ಮುಟ್ಟಲೇಬೇಕು. ಈ ಮಂದ ಶಾಖದಲ್ಲಿ ಚರ್ಮ ರಬ್ಬರಿನಂತೆ ಉಳಿಯುವುದರಿಂದ ಕೊನೆಗೆ ಐದು ನಿಮಿಷ ತಂದೂರಿಗೋ ಕಾದ ತವಾಕ್ಕೋ ಹಾಕಿ. ಇದ್ದಿಲಿನ ಭಟ್ಟಿಯಲ್ಲಿ ಬೆಂದ ಮಾಂಸದ ಅಂಚಿಗೆ ಕಾಣುವ ಗುಲಾಬಿ ಬಣ್ಣದ ಉಂಗುರ ಎಲೆಕ್ಟ್ರಿಕ್ ಸ್ಮೋಕರಿನಲ್ಲಿ ಅಷ್ಟಾಗಿ ಬರುವುದಿಲ್ಲ. ಕಟ್ಟಿಗೆ ಉರಿಯುವಾಗ ಹುಟ್ಟುವ ನೈಟ್ರಿಕ್ ಆಕ್ಸೈಡ್ ಇಲ್ಲಿ ಕಡಿಮೆ. ರುಚಿಗೆ ಅದರಿಂದ ಕೊರತೆಯಿಲ್ಲ.

ಮಾಂಸ ತಿನ್ನದ ಮನೆಗೂ ಈ ಪೆಟ್ಟಿಗೆ ಕೆಲಸಕ್ಕೆ ಬರುತ್ತದೆ. ಪನೀರ್ ಅರ್ಧ ತಾಸು, ಟೊಮ್ಯಾಟೊ–ಬೆಳ್ಳುಳ್ಳಿ–ಹಸಿಮೆಣಸಿನಕಾಯಿ ಒಂದೂವರೆ ತಾಸು. ಆ ಮೂರನ್ನು ಹುರಿದ ಶೇಂಗಾದ ಜೊತೆ ಕುಟ್ಟಿದ ಚಟ್ನಿಯನ್ನು ಜೋಳದ ರೊಟ್ಟಿಗೆ ಹಚ್ಚಿ ನೋಡಿ. ಬದನೆಕಾಯಿಗೆ ಮಾತ್ರ ಸ್ಮೋಕರ್ ಬೇಡ, ಕೆಂಡದ ಮೇಲೆ ಸಿಪ್ಪೆ ಕರಕಾದ ರುಚಿ ಇಲ್ಲಿ ಹುಟ್ಟುವುದಿಲ್ಲ.

ಒಂದು ಪ್ರೋಬ್ ಥರ್ಮಾಮೀಟರ್ ಬೇರೆಯಾಗಿ ಕೊಳ್ಳಿ, ಪೆಟ್ಟಿಗೆಯ ಫಲಕವನ್ನೇ ನಂಬಬೇಡಿ. ಕುದಿಯುವ ನೀರಿಗೆ ಅದ್ದಿ ಪರೀಕ್ಷಿಸುವಾಗ ನೂರು ತೋರಿಸಲಿಲ್ಲವೆಂದು ವಾಪಸ್ ಕೊಡಬೇಡಿ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯುವುದೇ 98.5ರ ಹತ್ತಿರ. ಬೇಸಿಗೆಯಲ್ಲಿ ಹಸಿ ಮಾಂಸ ಫ್ರಿಜ್ಜಿನ ಹೊರಗೆ ಒಂದು ತಾಸಿಗಿಂತ ಹೆಚ್ಚು ಇರಬಾರದು. ನಡುವೆ ಕರೆಂಟ್ ಹೋದರೆ ಬಾಗಿಲು ತೆರೆಯದೆ ಅರ್ಧ ತಾಸು ಕಾಯಿರಿ, ಬರದಿದ್ದರೆ ಕುಕ್ಕರಿಗೆ ಹಾಕಿ ಮುಗಿಸಿ. ಒಳತಾಪ ನಾಲ್ಕು ತಾಸಾದರೂ 60 ಮುಟ್ಟದ ಮಾಂಸವನ್ನು ಚೆಲ್ಲಬೇಕು, ಅದರಲ್ಲಿ ಸಂಕೋಚ ಬೇಡ. ಮನೆಯ ಇನ್ವರ್ಟರಿನ ಮೇಲೆ ನಡೆಸುವ ಮಾತೂ ಬೇಡ. 150 ಎಎಚ್‌ನ ಒಂದು ಬ್ಯಾಟರಿ ಈ ಹೀಟರಿಗೆ ಒಂದೆರಡು ತಾಸೂ ಬಾಳುವುದಿಲ್ಲ.

ಸ್ಮೋಕರ್ ಯಾವತ್ತೂ ಬಯಲಲ್ಲೇ ಇರಬೇಕು. ಗ್ರಿಲ್ ಹಾಕಿ ಮುಚ್ಚಿದ ಬಾಲ್ಕನಿ, ಅಡುಗೆಮನೆ, ಮೆಟ್ಟಿಲ ಕೆಳಗಿನ ಜಾಗ ಯಾವುದೂ ಆಗದು, ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಮಾಳಿಗೆಯಲ್ಲಿ ನೆರಳಿರುವ ಮೂಲೆ ನೋಡಿ, ನೇರ ಬಿಸಿಲಿಗೆ ಡಿಜಿಟಲ್ ಫಲಕ ಬಾಳುವುದಿಲ್ಲ. ಪಕ್ಕದ ಮನೆಯವರು ಮಾಂಸದ ವಾಸನೆ ಒಲ್ಲದವರಾದರೆ ಮೊದಲೇ ಒಂದು ಮಾತು ಹೇಳಿ, ಗಾಳಿ ಅವರತ್ತ ಬೀಸದ ದಿನ ಹಚ್ಚಿ.

ಕಮಲಾಪುರದವರಿಗೆ

ಹುಮನಾಬಾದ್ ರಸ್ತೆಯಲ್ಲಿ ಕಲಬುರಗಿಯಿಂದ ತಾಸಿನೊಳಗಿನ ದಾರಿಯಾದ ಕಮಲಾಪುರಕ್ಕೆ ನನ್ನ ಸಲಹೆ ಬೇರೆ. ಊರೊಳಗಿನ ಮನೆಯಾದರೆ ಮೇಲೆ ಹೇಳಿದ್ದೆಲ್ಲ ಅಲ್ಲಿಗೂ ಹೊಂದುತ್ತದೆ. ತೋಟದ ಮನೆಯಾದರೆ ಎಲೆಕ್ಟ್ರಿಕ್ ಸ್ಮೋಕರ್ ಬೇಡ ಎಂದೇ ಹೇಳುತ್ತೇನೆ. ಪಂಪ್‌ಸೆಟ್ಟಿನ ಲೈನ್ ಮನೆ ಬಳಕೆಗೆ ಕೊಟ್ಟದ್ದಲ್ಲ, ಅದರ ಹೊತ್ತುಗೊತ್ತೂ ಬೇರೆ. ಆರು ತಾಸಿನ ಅಡುಗೆಯನ್ನು ಅದಕ್ಕೆ ಕಟ್ಟಿಹಾಕಲಾಗದು. ಬಯಲು, ನೆರಳು, ಒಣ ಕಟ್ಟಿಗೆ ಎಲ್ಲ ಕೈಯಳತೆಯಲ್ಲಿರುವಾಗ ಇದ್ದಿಲಿನ ಡ್ರಮ್ ಸ್ಮೋಕರ್ ಮಾಡಿಸಿಕೊಳ್ಳುವುದೇ ಜಾಣತನ. ತಳದಲ್ಲಿ ಗಾಳಿಯ ಕಿಂಡಿ, ಮೇಲೆ ಮುಚ್ಚಳ, ನಡುವೆ ಎರಡು ಜಾಲರಿ. ರಾಸಾಯನಿಕ ತುಂಬಿದ್ದ ಡ್ರಮ್ ಆಗಿರಬಾರದು, ಅಷ್ಟೇ. ಭೌಗೋಳಿಕ ಗುರುತು ಪಡೆದ ಅಲ್ಲಿಯ ಕೆಂಪು ಬಾಳೆ ಈ ಎರಡೂ ಬಗೆಯ ಸ್ಮೋಕರಿಗೆ ಹೊಂದುತ್ತದೆ. ಚೆನ್ನಾಗಿ ಹಣ್ಣಾದದ್ದನ್ನು ಸಿಪ್ಪೆ ಸಮೇತ ಉದ್ದಕ್ಕೆ ಸೀಳಿ, ತುಪ್ಪ ಸವರಿ, ಪೇರಲ ಕಟ್ಟಿಗೆಯ ಹೊಗೆಯಲ್ಲಿ ಅರ್ಧ ತಾಸು ಇಟ್ಟರೆ ಊಟದ ಕೊನೆಗೆ ಬೇರೆ ಸಿಹಿ ಬೇಕಾಗುವುದಿಲ್ಲ.

ಕೊಳ್ಳುವುದಾದರೆ ದೀಪಾವಳಿಯ ಹೊತ್ತಿಗೆ ಕೊಳ್ಳಿ. ಮೊದಲ ಸಲ ಒಳಗೆಲ್ಲ ತೆಳುವಾಗಿ ಎಣ್ಣೆ ಸವರಿ, ಏನನ್ನೂ ಇಡದೆ ಮೂರು ತಾಸು ಗರಿಷ್ಠ ತಾಪದಲ್ಲಿ ಉರಿಸಿ, ಕಾರ್ಖಾನೆಯ ವಾಸನೆ ಹೋಗಲಿ. ಡಿಸೆಂಬರ್, ಜನವರಿಯ ತಂಪಿನಲ್ಲಿ ಹೊಗೆ ಚೆನ್ನಾಗಿ ಬರುವುದರಿಂದ ಕೈ ಕುದುರುತ್ತದೆ. ಹೀಟರ್ ಹಚ್ಚದೆ, ಹೊಗೆ ಕೊಳವೆ ಮಾತ್ರ ಇಟ್ಟು ಪನೀರಿಗೋ ಚೀಸಿಗೋ ತಣ್ಣನೆ ಹೊಗೆ ಕೊಡಲು ಇಡೀ ವರ್ಷದಲ್ಲಿ ಆಗುವುದು ಆ ಎರಡು ತಿಂಗಳ ಬೆಳಗಿನ ಜಾವಗಳಲ್ಲಿ ಮಾತ್ರ. ಏಪ್ರಿಲ್ ಬರುವಷ್ಟರಲ್ಲಿ ಯಂತ್ರದ ಸ್ವಭಾವ ನಿಮಗೆ ಗೊತ್ತಾಗಿರುತ್ತದೆ, ವಾರಂಟಿ ಇನ್ನೂ ಉಳಿದಿರುತ್ತದೆ. ಬೇಸಿಗೆಯಲ್ಲಿ ಏನಾದರೂ ಕೆಟ್ಟರೆ ಕಂಪನಿಯವರೇ ಬಂದು ಸರಿಮಾಡಬೇಕು.